ನೀರಿನ ವಿಷಕ್ಕೆ ಅಯಸ್ಕಾಂತದ ಬಲೆ

ಮಕ್ಕಳೇ, ಕೆಟ್ಟ ರೇಡಿಯೊದ ಸ್ಪೀಕರಿನಿಂದ ಬಿಚ್ಚಿಕೊಂಡ ಒಂದು ಅಯಸ್ಕಾಂತ ನನ್ನ ಬಳಿ ಇದೆ. ಹೋದ ಊರಿನಲ್ಲೆಲ್ಲ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಳ್ಳದ ಮರಳಿನಲ್ಲಿ ಆಡಿಸುತ್ತೇನೆ. ಕಪ್ಪು ಪುಡಿ ಮೀಸೆಯಂತೆ ಅಂಟಿಕೊಳ್ಳುತ್ತದೆ. ನೀವೂ ಮಾಡಿ ನೋಡಿರಬಹುದು. ಆ ಪುಡಿಯಲ್ಲಿ ಹೆಚ್ಚಿನದು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು. ಅದೇ ವಸ್ತುವಿನಿಂದ ಕುಡಿಯುವ ನೀರಿನ ವಿಷ ತೆಗೆಯಬಹುದೆಂದು ಓದಿದ ಮೇಲೆ ನನಗೆ ಅದರ ಮೇಲೆ ಗೌರವವೇ ಬಂದಿದೆ.

ಆ ವಿಷ ಆರ್ಸೆನಿಕ್. ಹಿಂದಿನವರು ಪಾಷಾಣ ಎನ್ನುತ್ತಿದ್ದುದು ಇದರ ಸಂಯುಕ್ತಗಳನ್ನೇ. ನೆಲದೊಳಗಿನ ಕಲ್ಲುಮಣ್ಣಿನಿಂದ ಕರಗಿ ಕೊಳವೆಬಾವಿಯ ನೀರಿಗೆ ಸೇರುತ್ತದೆ. ಬಾಂಗ್ಲಾದೇಶ, ಪಶ್ಚಿಮ ಬಂಗಾಳಗಳಲ್ಲಿ ಲಕ್ಷಾಂತರ ಜನರನ್ನು ಕಾಡಿದೆ. ನಮ್ಮ ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಗಣಿಗಳ ಸುತ್ತಲಿನ ಕೆಲವು ಹಳ್ಳಿಗಳಲ್ಲೂ ಕಂಡಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಪರೀಕ್ಷೆ ಮಾಡಿಸಿದರೆ ಮಾತ್ರ ತಿಳಿಯುತ್ತದೆ. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಹೆಚ್ಚುತ್ತದೆ! ವರ್ಷಗಟ್ಟಲೆ ಕುಡಿದವರ ಅಂಗೈ, ಅಂಗಾಲು ಒರಟಾಗುತ್ತವೆ, ಕ್ಯಾನ್ಸರ್ ಕೂಡ ಬರಬಹುದು. ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಆರ್ಸೆನಿಕ್‌ಗೆ ಮ್ಯಾಗ್ನಟೈಟಿನ ಮೈಗೆ ಅಂಟುವ ಗುಣವಿದೆ. ಹಾಗಾದರೆ ಹಳ್ಳದ ಪುಡಿಯನ್ನೇ ಬಿಂದಿಗೆಗೆ ಹಾಕಿದರಾಗದೇ? ಆಗದು. ಅದರ ಕಣಗಳು ದೊಡ್ಡವು, ಅಂಟಲು ಜಾಗ ಸಾಲದು. 1 ಸೆಂ.ಮೀ. ಬದಿಯ ಘನದ ಹೊರಮೈ 6 ಚದರ ಸೆಂ.ಮೀ. ಮಾತ್ರ. ಅದನ್ನೇ 12 ನ್ಯಾನೊಮೀಟರ್ ಬದಿಯ ಘನಗಳಾಗಿ ಕತ್ತರಿಸಿದಿರಿ ಎನ್ನಿ. ಒಟ್ಟು ಹೊರಮೈ 500 ಚದರ ಮೀಟರ್, ಅಂದರೆ ಸುಮಾರು ಮೂರು ವಾಲಿಬಾಲ್ ಅಂಕಣಗಳಷ್ಟು! (ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ನ್ಯಾನೊಮೀಟರ್. ಲೆಕ್ಕ ಮಾಡಿ ನೋಡಿ. ನಾನಂತೂ ನಂಬದೆ ಎರಡು ಸಲ ಮಾಡಿದೆ.)

ಅಷ್ಟು ಸಣ್ಣ ಕಣಗಳನ್ನು ನೀರಿನಿಂದ ಹೊರತೆಗೆಯುವುದು ಹೇಗೆ? ನೀರಿನ ಅಣುಗಳ ತಳ್ಳಾಟದಲ್ಲಿ ಅವು ಅಲೆಯುತ್ತಲೇ ಇರುತ್ತವೆ. ಭಾರಿ ಅಯಸ್ಕಾಂತವೇ ಬೇಕೆಂದು ತಿಳಿಯಲಾಗಿತ್ತು. ಅಮೆರಿಕದ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾಲಯದ ವಿಕಿ ಕಾಲ್ವಿನ್ ಅವರ ತಂಡ, ಕೈಯಲ್ಲಿ ಹಿಡಿಯುವ ಅಯಸ್ಕಾಂತವೇ ಸಾಕೆಂದು 2006ರಲ್ಲಿ ತೋರಿಸಿತು. ಅಯಸ್ಕಾಂತ ಹತ್ತಿರ ಬಂದಾಗ ಕಣಗಳು ಒಂದನ್ನೊಂದು ಸೆಳೆದು ಗುಂಪುಗೂಡುತ್ತವೆ, ಆರ್ಸೆನಿಕನ್ನೂ ಹೊತ್ತು ಬರುತ್ತವೆ.

ಇಂಥ ಕಣಗಳಿಗೆ ಆಸ್ಪತ್ರೆಗಳಲ್ಲೂ ಕೆಲಸವಿದೆ. ನನಗೆ ಮಾತ್ರ ನೀರಿನ ಕೆಲಸವೇ ದೊಡ್ಡದೆನಿಸುತ್ತದೆ. ಒಂದು ತೊಡಕಿದೆ: ಹೀಗೆ ತೆಗೆದ ವಿಷದ ಪುಡಿಯನ್ನು ಎಲ್ಲಿಡುವುದು? ತಿಪ್ಪೆಗೆ ಎಸೆದರೆ ಮಳೆನೀರಿನೊಡನೆ ಮತ್ತೆ ನೆಲಕ್ಕಿಳಿಯಬಹುದು. ಕಣ ಸಣ್ಣದಾದಷ್ಟೂ ಬೇಕಾಗುವ ಪುಡಿ ಕಡಿಮೆ, ಉಳಿಯುವ ಕಸವೂ ಕಡಿಮೆ ಎಂಬುದಷ್ಟೇ ಸಮಾಧಾನ.