ಅಡಿಕೆ ರೇಟಿನ ಮಾತು ಬೇರೆ, ಬಾಯಿ ಹುಣ್ಣಿನ ಮಾತು ಬೇರೆ

ಇವತ್ತು ಗೊಬ್ಬರ, ನೀರಿನ ವಿಷಯ ಅಲ್ಲ.

ಅಡಿಕೆಯಿಂದ ಕ್ಯಾನ್ಸರ್ ಅಂತ ಪೇಪರಲ್ಲಿ ಬಂದ ಕೂಡ್ಲೇ ನಮ್ಮ ಕಡೆ ಮೊದಲು ಕೇಳೋದು, "ರೇಟ್ ಬೀಳುತ್ತಾ?" ಅಂತ. ಗಾಜನೂರಿಂದ ತೀರ್ಥಹಳ್ಳಿ ತನಕ ಅಡಿಕೆ ನಂಬಿದ ಮನೆಗಳೇ ಜಾಸ್ತಿ. ನಾನು ಉಣ್ಣೋದೂ ಅದೇ ಅನ್ನ. ಹಾಗಾಗಿ ಆ ಭಯ ನನಗೂ ಇದೆ. ಆದ್ರೆ ರೇಟಿನ ಗಲಾಟೆಯಲ್ಲಿ ಬಾಯಿಯ ವಿಷಯ ಮುಚ್ಚಿಹೋಗ್ತಿದೆ.

ಇರೋ ವಿಷಯ ಇಷ್ಟು. ಹೊಗೆಸೊಪ್ಪು ಸೇರಿಸಿದ ಎಲೆಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲೇ ಹೇಳಿತ್ತು. 2003ರಲ್ಲಿ ಅದರ ತಜ್ಞರು ಮತ್ತೆ ಕೂತು ನೋಡಿ, ಹೊಗೆಸೊಪ್ಪು ಇಲ್ಲದಿದ್ರೂ ಎಲೆಅಡಿಕೆ ಅಪಾಯವೇ ಅಂದ್ರು, ಅಡಿಕೆಯನ್ನೇ ಒಂದನೇ ಗುಂಪಿಗೆ ಸೇರಿಸಿದ್ರು. ಈ ಗುಂಪಿನಲ್ಲಿ ಬೀಡಿ, ಸಾರಾಯಿ, ಬಿಸಿಲು ಎಲ್ಲಾ ಇವೆ. ಒಂದನೇ ಗುಂಪು ಅಂದ್ರೆ ಸಾಕ್ಷಿ ಗಟ್ಟಿ ಇದೆ ಅಂತ ಅರ್ಥ. ಎಲ್ಲದರ ಅಪಾಯವೂ ಒಂದೇ ತೂಕ ಅಂತ ಅಲ್ಲ.

"ನಮ್ಮಜ್ಜಿ ತೊಂಬತ್ತು ವರ್ಷ ಎಲೆಅಡಿಕೆ ಹಾಕಿದ್ಲು, ಏನಾಯ್ತು?" ಅಂತ ಕೇಳೋರಿದ್ದಾರೆ. ಕೊಳೆರೋಗ ನೆನಪು ಮಾಡ್ಕೊಳ್ಳಿ. ಒಂದೇ ಮಳೆ, ಒಂದೇ ತೋಟ, ಆದ್ರೂ ಎಲ್ಲಾ ಮರದ ಕಾಯಿ ಉದುರಲ್ಲ. ಹಾಗಂತ ಮೈಲುತುತ್ತು, ಸುಣ್ಣ ಕಲಸಿ ಹೊಡೆಯೋದನ್ನ ಬಿಡ್ತೀವಾ? ಯಾವ ಮರ ಅಂತ ಮೊದಲೇ ಗೊತ್ತಾಗಲ್ಲ, ಅದಕ್ಕೇ ಎಲ್ಲಾ ಮರಕ್ಕೂ ಹೊಡೀತೀವಿ. ಡಾಕ್ಟ್ರು ರಿಸ್ಕ್ ಅನ್ನೋದು ಇದನ್ನೇ. ಅಗಿದವರಿಗೆಲ್ಲಾ ಬರಲ್ಲ, ಆದ್ರೆ ಬರೋ ಸಂಭವ ಹೆಚ್ಚಾಗುತ್ತೆ. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ ಅನ್ನೋದರ ಮೇಲೆ ಏರುತ್ತಾ ಹೋಗುತ್ತೆ. ಹೊಗೆಸೊಪ್ಪು, ಕುಡಿತ ಸೇರಿದ್ರೆ ಇನ್ನೂ ಜಾಸ್ತಿ. ಗುಟ್ಕಾ 2013ರಲ್ಲೇ ನಮ್ಮ ರಾಜ್ಯದಲ್ಲಿ ನಿಷೇಧ ಆಯ್ತು. ಈಗ ಎರಡು ಪ್ಯಾಕೆಟ್ ಬೇರೆ ಬೇರೆ ತಗೊಂಡು ಕೈಯಲ್ಲೇ ಬೆರೆಸ್ತಾರೆ, ಅಷ್ಟೇ ವ್ಯತ್ಯಾಸ.

ಎಲ್ಲಾ ಕ್ಯಾನ್ಸರ್‌ಗೂ ಒಂದೇ ಕಾರಣ ಇಲ್ಲ. ಶ್ವಾಸಕೋಶದ್ದಕ್ಕೆ ಬೀಡಿ, ಸಿಗರೇಟೇ ದೊಡ್ಡ ಕಾರಣ. ಲಿವರ್‌ಗೆ ಕುಡಿತ, ಹೆಪಟೈಟಿಸ್ ಬಿ. ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಮೆಕ್ಕೆಜೋಳ, ಶೇಂಗಾದಲ್ಲಿ ಬರೋ ವಿಷವೂ ಲಿವರ್‌ಗೇ ಹೊಡೆತ. ಗರ್ಭಕೊರಳಿನದ್ದು ಎಚ್‌ಪಿವಿ ಅನ್ನೋ ವೈರಸ್‌ನಿಂದ. ಅದಕ್ಕೆ ಲಸಿಕೆ ಇದೆ, 9ರಿಂದ 14 ವರ್ಷದೊಳಗೆ ಹಾಕಿಸಿದ್ರೆ ಒಳ್ಳೇದು. ಸ್ತನ ಕ್ಯಾನ್ಸರ್‌ಗೆ ವಯಸ್ಸು, ಮನೆತನ, ಮೈ ತೂಕ ಎಲ್ಲಾ ಸೇರುತ್ತೆ. ಯಾವ ಚಟ ಇಲ್ಲದವರಿಗೂ ಬರುತ್ತೆ, ಅದಕ್ಕೇ ಕಾಯಿಲೆ ಬಂದವರ ಎದುರು "ಏನ್ ಮಾಡ್ಕೊಂಡ್ರಿ?" ಅಂತ ಕೇಳಬೇಡಿ.

ನನಗೆ ಮನಸ್ಸಿಗೆ ಕಷ್ಟ ಆಗೋದು ಸುಲಿಯೋರನ್ನ ನೋಡಿದಾಗ. ಸುಗ್ಗಿಯಲ್ಲಿ ನಮ್ಮ ಅಂಗಳಗಳಲ್ಲಿ ಹೆಂಗಸರು ರಾತ್ರಿ ತನಕ ಕೂತು ಸುಲೀತಾರೆ. ನಿದ್ದೆ ಬರಬಾರದು ಅಂತ ಎಲೆ, ಅಡಿಕೆ, ಹೊಗೆಸೊಪ್ಪು ಬಾಯಲ್ಲೇ ಇರುತ್ತೆ. ತಟ್ಟೆ ಮುಂದಿಡೋರು ನಾವೇ. ಮಾರೋ ಅಡಿಕೆಯ ಒಂದು ಹೋಳು ಕೊಳೆತಿದ್ರೆ ಆರಿಸಿ ತೆಗೀತೀವಿ, ಸುಲಿಯೋರ ಬಾಯಿ ಹೇಗಿದೆ ಅಂತ ಯಾರೂ ನೋಡಲ್ಲ.

ನೋಡಬೇಕಾದ್ದು ಇಷ್ಟು. ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಆದ್ರೂ ಮಾಯದ ಹುಣ್ಣು, ಗಂಟು, ಖಾರ ತಿಂದ್ರೆ ಉರಿ. ಮೂರು ಬೆರಳು ನಿಲ್ಲಿಸಿ ಇಟ್ರೆ ಬಾಯಿ ಅಷ್ಟು ತೆರೆಯಲ್ಲ ಅಂದ್ರೂ ತಡ ಮಾಡಬಾರದು. ನೋವಿಲ್ಲ ಅಂತ ಸುಮ್ಮನಿರಬೇಡಿ, ಶುರುವಿನಲ್ಲಿ ನೋವು ಇರೋದೇ ಕಡಿಮೆ. 30 ವರ್ಷ ದಾಟಿದವರಿಗೆ ಸರ್ಕಾರದ ತಪಾಸಣೆಯಲ್ಲಿ ಬಿಪಿ, ಶುಗರ್ ಜೊತೆ ಬಾಯಿ, ಸ್ತನ, ಗರ್ಭಕೊರಳು ನೋಡೋದೂ ಸೇರಿದೆ. ಆಶಾ ಕಾರ್ಯಕರ್ತೆಯನ್ನ ಕೇಳಿ. ಮುಂದಕ್ಕೆ ತೋರಿಸಬೇಕು ಅಂದ್ರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ, ಬೆಂಗಳೂರಿನ ಕಿದ್ವಾಯಿ ಇದೆ.

ಅಡಿಕೆ ಬಿಡಿ ಅಂತ ನಾನು ಯಾರಿಗೂ ಹೇಳ್ತಿಲ್ಲ, ನನ್ನ ತೋಟವನ್ನೂ ಕಡಿಯಲ್ಲ. ಬೆಲೆಗೆ ಹೋರಾಡೋಣ, ಬೇರೆ ಉಪಯೋಗ ಹುಡುಕಿ ಅಂತ ಸರ್ಕಾರವನ್ನ ಕೇಳೋಣ. ಆದ್ರೆ ಈ ಸುಗ್ಗಿಯಲ್ಲಿ ಒಂದು ಕೆಲಸ ಮಾಡೋಣ. ಸುಲಿಯೋರಿಗೆ ಅರ್ಧ ದಿನ ರಜೆ ಕೊಟ್ಟು, ಕೂಲಿ ಹಿಡಿಯದೆ, ತಪಾಸಣೆಗೆ ಕಳಿಸೋಣ. ನಮ್ಮನೆಯಲ್ಲಿ ಹಾಗೇ ಅಂತ ತೀರ್ಮಾನ ಆಗಿದೆ. ನಿಮ್ಮ ಊರಲ್ಲಿ ಯಾರಾದ್ರೂ ಜೊತೆ ಸೇರೋದಾದ್ರೆ ಹೇಳಿ, ಒಂದೇ ದಿನ ಗೊತ್ತು ಮಾಡಿ ಗಾಡಿ ಮಾಡಿಕೊಂಡು ಹೋಗಬಹುದು.