ಅಮ್ಮ ಕಾಫಿ ಬಿಟ್ಟ ಬೇಸಿಗೆ

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ನನ್ನ ಕಾಫಿ ಡಬ್ಬಿ ತೆರೆದು ನೋಡಿ, "ತಾತ, ಇಷ್ಟೇ ಇಷ್ಟು ಬೀಜ ಇದೆಯಲ್ಲ! ಒಂದೇ ಸಲ ಎರಡು ಕೆ.ಜಿ. ತಂದಿಟ್ಟರೆ ಆಗಲ್ವಾ?" ಎಂದಳು. ನನಗೆ ನಗುವೂ ಬಂತು, ಹಳೆಯದೊಂದು ನೋವೂ ನೆನಪಾಯಿತು.

1984ರಲ್ಲಿ ನನಗೆ ಹಾಸನದಿಂದ ರಾಯಚೂರಿಗೆ ವರ್ಗವಾಯಿತು. ಅಪ್ಪ ತೀರಿಕೊಂಡು ವರ್ಷ ತುಂಬಿತ್ತು. ಅಮ್ಮನೂ ನಮ್ಮ ಜೊತೆ ಬಂದಳು. ಒಡವೆ, ಸೀರೆ ಯಾವುದರ ಆಸೆಯೂ ಇಲ್ಲದ ಅವಳಿಗೆ ಇದ್ದದ್ದು ಒಂದೇ ಸುಖ, ಬೆಳಗಿನ ಒಂದು ಲೋಟ ಕಾಫಿ. ಹಾಸನದಲ್ಲಿ ಹಸಿ ಬೀಜವನ್ನು ಚೀಲದಲ್ಲಿಟ್ಟು, ವಾರಕ್ಕೆ ಬೇಕಾದಷ್ಟನ್ನು ಮಾತ್ರ ಬಾಣಲೆಯಲ್ಲಿ ಹುರಿಯುತ್ತಿದ್ದಳು. "ಹುರಿದ ಬೀಜ ಕಟ್ಟಿದ ಮಲ್ಲಿಗೆ ಇದ್ದ ಹಾಗೆ ಕಣೋ, ಬಾಡೋಕೆ ಮುಂಚೆ ಮುಡೀಬೇಕು" ಅನ್ನುತ್ತಿದ್ದಳು.

ರಾಯಚೂರಿನ ಬಿಸಿಲು ನಲವತ್ತು ಡಿಗ್ರಿ ದಾಟುವಾಗ ಅವಳು ಒಲೆಯ ಮುಂದೆ ನಿಲ್ಲುವುದು ಬೇಡವೆಂದು ನಾನೇ ಹಾಸನದಿಂದ ಮೂರು ಕೆ.ಜಿ. ಹುರಿದ ಬೀಜ ತಂದೆ. ಬಿ.ಕಾಂ. ಓದಿದವನ ಲೆಕ್ಕ ನೋಡಿ: ಓಡಾಟದ ಖರ್ಚು ಉಳಿತಾಯ, ಅಮ್ಮನ ಶ್ರಮವೂ ಉಳಿತಾಯ! ದೊಡ್ಡ ಗಾಜಿನ ಭರಣಿಗೆ ತುಂಬಿ, ಕಿಟಕಿಯ ಪಕ್ಕ, ಒಲೆಯ ಮೇಲಿನ ಗೂಡಿನಲ್ಲಿಟ್ಟೆ.

ಎರಡು ವಾರ ಕಳೆಯುವುದರಲ್ಲಿ ಬೀಜ ಎಣ್ಣೆ ಸವರಿದ ಹಾಗೆ ಹೊಳೆಯತೊಡಗಿತು. ಸೆಖೆ ಜಾಸ್ತಿಯಾಯಿತೆಂದು ಭರಣಿಯನ್ನು ಫ್ರಿಜ್‌ಗೆ ಸೇರಿಸಿದೆ. ದಿನಕ್ಕೆರಡು ಸಲ ಹೊರಗೆ ತೆಗೆಯುವುದು, ಮುಚ್ಚಳ ಬಿಚ್ಚುವುದು, ಮತ್ತೆ ಒಳಗಿಡುವುದು. ತಣ್ಣಗಿದ್ದ ಬೀಜದ ಮೇಲೆ ತೇವ ಕೂತಿತು. ಪಕ್ಕದಲ್ಲಿದ್ದ ಈರುಳ್ಳಿ ಪಲ್ಯದ ವಾಸನೆಯೂ ಹತ್ತಿತು. ಬ್ಯಾಂಕಿಗೆ ಓಡುವ ಅವಸರದಲ್ಲಿ ಎರಡು ಚಮಚ ಸಕ್ಕರೆ ಹಾಕಿ ಗಟಗಟನೆ ಕುಡಿಯುವ ನನಗೆ ಅದೊಂದೂ ತಿಳಿಯಲಿಲ್ಲ.

ಒಂದು ದಿನ ಅಮ್ಮ, "ನನಗೆ ಕಾಫಿ ಬೇಡಪ್ಪ. ಈ ಸೆಖೆಗೆ ಮಜ್ಜಿಗೆಯೇ ಹಿತ" ಎಂದಳು. ನಾನು ನಂಬಿದೆ.

ಜೂನ್ ತಿಂಗಳಲ್ಲಿ ಹೆಂಡತಿ ಮೆಲ್ಲಗೆ ಹೇಳಿದಳು: "ಅತ್ತೆ ಕಾಫಿ ಬಿಟ್ಟದ್ದು ಸೆಖೆಗಲ್ಲರೀ. ಆ ಬೀಜ ಕನರಿದೆ. ಹೇಳಿದರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದಾರೆ."

ಅಂದು ಸಕ್ಕರೆಯಿಲ್ಲದೆ ಒಂದು ಗುಟುಕು ಕುಡಿದು ನೋಡಿದೆ. ಹಳೇ ಎಣ್ಣೆಯಲ್ಲಿ ಕರಿದ ತಿಂಡಿಯ ರುಚಿ. ಎರಡು ತಿಂಗಳು ಅಮ್ಮನ ಒಂದೇ ಸುಖವನ್ನು ನನ್ನ ಉಳಿತಾಯ ನುಂಗಿಹಾಕಿತ್ತು.

ಮುಂದಿನ ಸಲ ಹಾಸನದಿಂದ ಹಸಿ ಬೀಜವನ್ನೇ ತಂದೆ. ಅಮ್ಮ ಏನೂ ಕೇಳಲಿಲ್ಲ. ಸಂಜೆ ತಂಪಾದ ಮೇಲೆ ಬಾಣಲೆ ಇಟ್ಟಳು. ಬೀಜ ಚಟಪಟ ಸಿಡಿದು ಮನೆಯೆಲ್ಲ ಘಮಘಮ. ಮರುದಿನ ಬೆಳಿಗ್ಗೆ ಅವಳು ಲೋಟ ಹಿಡಿದು ಜಗಲಿಯಲ್ಲಿ ಕೂತದ್ದನ್ನು ನೋಡಿ ನನ್ನ ಗಂಟಲು ಕಟ್ಟಿತು.

ಮಕ್ಕಳೇ, ಮೊಮ್ಮಗಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹುರಿದ ಬೀಜದೊಳಗೆ ಎಣ್ಣೆಯ ಅಂಶ ಇರುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ತಗುಲಿದರೆ ಅದು ಕನರುತ್ತದೆ. ಬಿಸಿ ಹೆಚ್ಚಿದಷ್ಟೂ ಆ ಕೆಲಸ ಬೇಗ. ಬೆಳಕು, ತೇವ ಕೂಡ ಬೀಜಕ್ಕೆ ಶತ್ರುಗಳೇ. ಪುಡಿ ಮಾಡಿದರಂತೂ ಘಮ ಇನ್ನೂ ಬೇಗ ಹಾರಿಹೋಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಒಂದೆರಡು ವಾರಕ್ಕೆ ಆಗುವಷ್ಟು ಮಾತ್ರ ತನ್ನಿ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಒಲೆಯಿಂದ ದೂರ, ಮನೆಯ ತಂಪಾದ ಕತ್ತಲ ಮೂಲೆಯಲ್ಲಿಡಿ. ಹೆಚ್ಚು ತಂದಿದ್ದರೆ ಚಿಕ್ಕ ಚಿಕ್ಕ ಪೊಟ್ಟಣ ಮಾಡಿ, ಗಾಳಿಯಾಡದಂತೆ ಮುಚ್ಚಿ ಫ್ರೀಜರ್‌ನಲ್ಲಿಡಬಹುದು. ಆದರೆ ಹೊರತೆಗೆದ ಪೊಟ್ಟಣದ ತಣ್ಣಗೆ ಪೂರ್ತಿ ಆರಿದ ಮೇಲೆಯೇ ಬಿಚ್ಚಬೇಕು. ಇಲ್ಲವಾದರೆ ತಣ್ಣೀರಿನ ಲೋಟ ಬೆವರುವ ಹಾಗೆ ಬೀಜವೂ ಬೆವರುತ್ತದೆ. ಬಿಚ್ಚಿದ್ದನ್ನು ಮತ್ತೆ ಒಳಗಿಡಬಾರದು.

ಎಲ್ಲ ಕೇಳಿದ ಮೊಮ್ಮಗಳು, "ಮುತ್ತಜ್ಜಿ ನೇರವಾಗಿ ಹೇಳಿಬಿಡಬಹುದಿತ್ತಲ್ಲ ತಾತ?" ಎಂದಳು.

"ಹೇಳಬಹುದಿತ್ತು ಪುಟ್ಟಿ. ನಾನೂ ಕೇಳಬಹುದಿತ್ತು" ಎಂದೆ.

ಬ್ಯಾಂಕಿನಲ್ಲಿಟ್ಟ ಹಣಕ್ಕೆ ದಿನ ಕಳೆದಷ್ಟೂ ಬಡ್ಡಿ ಬರುತ್ತದೆ. ಹುರಿದ ಕಾಫಿ ಬೀಜಕ್ಕೆ ದಿನ ಕಳೆದಷ್ಟೂ ಅಸಲೇ ಕರಗುತ್ತದೆ. ಅದಕ್ಕೇ ನನ್ನ ಡಬ್ಬಿ ಚಿಕ್ಕದು.