ಡೆಲೋಸ್ ದ್ವೀಪದ ಅಕ್ಷರಗಳು

ಗ್ರೀಸ್ ದೇಶದ ದ್ವೀಪಗಳನ್ನು ಬೇಸಿಗೆಯಲ್ಲಿ ಕಾಲ್ನಡಿಗೆಯಿಂದ ಸುತ್ತುವವರು ಮಿಕೊನೋಸ್‌ನಿಂದ ದೋಣಿ ಹತ್ತಿ ಡೆಲೋಸ್‌ಗೆ ಬರುತ್ತಾರೆ. ಸುಮಾರು 5 ಕಿಲೋಮೀಟರ್ ಉದ್ದದ ಈ ದ್ವೀಪದಲ್ಲಿ ಪ್ರವಾಸಿಗಳು ರಾತ್ರಿ ತಂಗುವಂತಿಲ್ಲ.

ಅಪೋಲೋ ದೇವನು ಹುಟ್ಟಿದ್ದು ಇಲ್ಲಿಯೇ ಎಂಬುದು ಗ್ರೀಕರ ಪುರಾಣ. ಆದರೆ ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಇಲ್ಲಿನ ಗೋರಿಗಳನ್ನೆಲ್ಲ ಅಗೆದು ತೆಗೆದು, ಈ ಪುಣ್ಯಭೂಮಿಯಲ್ಲಿ ಇನ್ನು ಯಾರೂ ಹುಟ್ಟಕೂಡದು, ಸಾಯಕೂಡದು ಎಂದು ಕಟ್ಟಳೆ ಮಾಡಿದರು. ಬಸುರಿಯರನ್ನೂ ಮರಣಾಸನ್ನರನ್ನೂ ಎದುರಿನ ರೆನೈಯಾ ದ್ವೀಪಕ್ಕೆ ಸಾಗಿಸಬೇಕಾಯಿತು.

ಮುಂದೆ ರೋಮನರು ಇದನ್ನು ಸುಂಕವಿಲ್ಲದ ಬಂದರನ್ನಾಗಿ ಮಾಡಿದಾಗ ಈಜಿಪ್ಟ್, ಸಿರಿಯಾ, ಇಟಲಿಗಳ ವರ್ತಕರು ಬಂದು ನೆಲೆಸಿ, ತಮ್ಮ ತಮ್ಮ ದೇವರಿಗೆ ಗುಡಿ ಕಟ್ಟಿದರು. ಕ್ರಿ.ಪೂ. 88ರ ದಾಳಿಯಲ್ಲಿ ಊರು ಕೊಳ್ಳೆಹೋಯಿತು. 69ರಲ್ಲಿ ಕಡಲ್ಗಳ್ಳರು ಮತ್ತೆ ಲೂಟಿಮಾಡಿದರು. ವ್ಯಾಪಾರ ಬೇರೆಡೆಗೆ ಸರಿಯಿತು. ಕಾಲಕ್ರಮದಲ್ಲಿ ಜನರೂ ಸರಿದುಹೋದರು.

ಇಂದು ನೆರಳಿಲ್ಲದ ಕಲ್ಲುಹಾದಿಯ ಇಕ್ಕೆಲಗಳಲ್ಲಿ ಮುರಿದ ಕಂಬಗಳೂ ಛಾವಣಿಯಿಲ್ಲದ ಮನೆಗಳೂ ನಿಂತಿವೆ. ಅಂಥ ಒಂದು ಮನೆಯಲ್ಲಿ ಕ್ಲಿಯೋಪಾತ್ರ, ಡಿಯೋಸ್ಕುರೀಡೀಸ್ ಎಂಬ ದಂಪತಿಗಳ ಶಿಲಾಮೂರ್ತಿಗಳು ದೊರೆತವು. ಈಕೆ ಈಜಿಪ್ಟಿನ ರಾಣಿಯಲ್ಲ, ಅಥೆನ್ಸಿನ ಒಬ್ಬ ಗೃಹಿಣಿ. ಮೂರ್ತಿಗಳ ತಲೆಗಳು ಮುರಿದುಹೋಗಿವೆ. ಪೀಠದ ಬರಹ ಉಳಿದಿದೆ. ಅಪೋಲೋ ಗುಡಿಗೆ ಎರಡು ಬೆಳ್ಳಿಯ ಮುಕ್ಕಾಲಿಗಳನ್ನು ಅರ್ಪಿಸಿದ ಪತಿಯ ಮೂರ್ತಿಯನ್ನು ಆಕೆ ನಿಲ್ಲಿಸಿದಳೆಂದು ಅದು ಹೇಳುತ್ತದೆ.

ಮುಖ ಅಳಿದ ಮೇಲೆಯೂ ಅವರ ಗುರುತನ್ನು ಕಾದಿರುವುದು ಆ ಅಕ್ಷರಗಳು. ಎರಡು ಸಾವಿರ ವರ್ಷಗಳಲ್ಲಿ ಗ್ರೀಕ್ ಭಾಷೆ ಬಹಳ ಬದಲಾಗಿದೆ. ಆದರೂ ಗ್ರೀಸಿನ ಮಕ್ಕಳು ಶಾಲೆಯಲ್ಲಿ ಇಂದಿಗೂ ಅದೇ ಅಕ್ಷರಮಾಲೆಯನ್ನು ಕಲಿಯುತ್ತಾರೆ. ಹುಟ್ಟು ನಿಷಿದ್ಧವಾಗಿದ್ದ ದ್ವೀಪದ ಹೆಸರುಗಳನ್ನು ಬೇರೆ ಊರುಗಳಲ್ಲಿ ಹುಟ್ಟಿದ ಆ ಮಕ್ಕಳು ಕೂಡಿಸಿ ಓದಬಲ್ಲರು.